ಅರ್ದಾ ಕಣಿವೆಯ ಬಸ್‌ಸ್ಟಾಪಿನಲ್ಲಿ ನಮ್ಮನೆಯವರ ಫೋಟೋ

ಜೋಗುಪಾಳ್ಯ ಬಿಡೋ ಮೊದಲು

ಬಲ್ಗೇರಿಯಾಕ್ಕೆ ಯಾಕೆ ಹೋಗಿದ್ರಿ ಅಂತ ಕೇಳಿದವರಿಗೆಲ್ಲ ಸೈಕಲ್ ಹೊಡಿಯೋಕೆ ಅಂತ ಹೇಳ್ಕೊಂಡು ಬಂದಿದ್ದೀನಿ. ಅದು ಅರ್ಧ ನಿಜ. ಸೈಕಲ್ ಹೊಡಿಯೋಕೆ ಹೋಗಿದ್ದು ನಮ್ಮನೆಯವರು. ನಾನು ಹೋಗಿದ್ದು ಅವರನ್ನ ಕಾಯೋಕೆ.

ನಮ್ಮನೆಯವರ ಹೆಸರು ನಾಗರಾಜ್. ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ ಎರಡು ಲೇತ್ ಮಷೀನ್ ಇಟ್ಕೊಂಡು ಸೈಕಲ್ಲಿಗೆ ಬೇಕಾದ ಸಣ್ಣಪುಟ್ಟ ಭಾಗ ಮಾಡ್ತಾರೆ. ವಯಸ್ಸು ಐವತ್ತೆಂಟು. ಮಾಡೋದು ಸೈಕಲ್ಲಿಂದು, ಹೊಡಿಯೋದು ಸೈಕಲ್ಲು, ಕನಸು ಬಿದ್ರೂ ಸೈಕಲ್ಲೇ. ನಂದು ಜೋಗುಪಾಳ್ಯದಲ್ಲಿ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಬಾಡಿಗೆ ಕರಾರು, ನಾಮಕರಣದ ಕಾರ್ಡು, ಕಾಣೆಯಾದ ನಾಯಿ, ಮರಿ ಲೀಡರುಗಳ ಹುಟ್ಟುಹಬ್ಬ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲಾ ನನ್ನ ಕೈಯಲ್ಲೇ ಆಗ್ಬೇಕು. ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಟೈಪ್ ಮಾಡ್ತೀನಿ. ಶಿವಾಜಿನಗರದ ಗಿರಾಕಿಗಳು ಬಂದ್ರೆ ದಖನಿ ಉರ್ದು ಮಾತಾಡ್ತೀನಿ. ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರಲ್ಲ, ಆ ಜಾತಿ ನಂದು.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಕೆ.ಆರ್. ಪುರಂ ಹ್ಯಾಂಗಿಂಗ್ ಬ್ರಿಡ್ಜ್ ಹತ್ತೋವಾಗ ಇವರಿಗೆ ಎದೆನೋವು ಬಂತು. ಪುಣ್ಯಾತ್ಮ, ಸೈಕಲ್ಲನ್ನ ಕಂಬಿಗೆ ಒರಗಿಸಿ, ಬೀಗ ಹಾಕಿ, ಆಮೇಲೆ ಆಟೋ ಹತ್ತಿ ಆಸ್ಪತ್ರೆಗೆ ಹೋಗಿದ್ದಾರೆ. ಬೀಗ ಹಾಕೋಕೆ ನೆನಪಾಯ್ತು, ನನಗೆ ಫೋನ್ ಮಾಡೋಕೆ ನೆನಪಾಗಲಿಲ್ಲ. ಒಂದು ಸ್ಟೆಂಟ್ ಹಾಕಿದ್ರು. ಆರು ತಿಂಗಳು ಕಳೆದ ಮೇಲೆ ಡಾಕ್ಟರು, ಇನ್ನು ಆರಾಮಾಗಿ ಸೈಕಲ್ ಹೊಡೀರಿ ಅಂದ್ರು. ಅವರು ಅಂದ್ರೆ ಆಯ್ತಾ, ನಾನು ಒಪ್ಪಬೇಕಲ್ಲ. ಅವತ್ತಿಂದ ಪ್ರತಿ ಭಾನುವಾರ ಮುಂದೆ ಅವರ ಸೈಕಲ್ಲು, ಹಿಂದೆ ನನ್ನ ಸ್ಕೂಟರು. ಹಲಸೂರು ಕೆರೆಯಿಂದ ಹೊಸಕೋಟೆವರೆಗೂ ಅವರ ಬೆನ್ನು ನೋಡ್ಕೊಂಡೇ ಹೋಗಿ, ಬೆನ್ನು ನೋಡ್ಕೊಂಡೇ ವಾಪಸ್ ಬರೋದು. ಅವರ ಸೈಕಲ್ ಗೆಳೆಯರು ನನಗೆ ಆಂಬುಲೆನ್ಸ್ ಮೇಡಂ ಅಂತ ಹೆಸರಿಟ್ರು. ಇಟ್ಕೊಳ್ಳಲಿ.

ಇವರ ಕೈಯಿಂದ ಬಿಡಿಭಾಗ ತರಿಸ್ಕೊಳ್ಳೋ ಬಲ್ಗೇರಿಯಾದ ಪ್ಲಾಮೆನ್ ಅನ್ನೋ ಮನುಷ್ಯ, ನಮ್ಮೂರ ಕಡೆ ಬನ್ನಿ, ಒಂದು ನದಿ ಪಕ್ಕ ಟಾರೇ ಇಲ್ಲದ ದಾರಿ ಇದೆ, ಸೈಕಲ್ ನಾನು ಕೊಡ್ತೀನಿ ಅಂತ ಕರೆದ. ಜಲ್ಲಿ, ಮಣ್ಣು ಇರೋ ಇಂಥ ದಾರಿಯಲ್ಲಿ ದಪ್ಪ ಟೈರಿನ ಸೈಕಲ್ ಹೊಡಿಯೋದಕ್ಕೆ ಗ್ರಾವೆಲ್ ಸೈಕ್ಲಿಂಗ್ ಅಂತ ಹೆಸರಂತೆ. ನಮ್ಮ ಕಡೆ ಪೈಪ್ ಹಾಕೋಕೆ ಅಗೆದು ಬಿಟ್ಟ ರೋಡು ಅಂತೀವಿ, ದುಡ್ಡು ಕೊಟ್ಟು ಯಾರೂ ಹೋಗಲ್ಲ. ಆದ್ರೆ ಇವರ ಮುಖ ನೋಡಿದ್ರೆ ಬೇಡ ಅನ್ನೋಕೆ ಆಗಲಿಲ್ಲ. ನಾನೂ ಬರ್ತೀನಿ, ಐದು ದಿನದಲ್ಲಿ ಒಂದೇ ಒಂದ್ಸಲ ನೀವು ಎದೆ ಮೇಲೆ ಕೈ ಇಟ್ಟಿದ್ದು ಕಂಡ್ರೂ ಊರಿಗೆ ಬಂದ ತಕ್ಷಣ ಸೈಕಲ್ ಗುಜರಿಗೆ ಅಂದೆ.

"ಏನೂ ಆಗಲಿಲ್ಲ ಅಂದ್ರೆ? ನನ್ನನ್ನ ಒಬ್ಬನೇ ಬಿಡ್ತೀಯಾ?" ಅಂತ ಕೇಳಿದ್ರು.

ನೋಡೋಣ ಅಂದೆ. ನಿಜ ಹೇಳ್ಬೇಕು ಅಂದ್ರೆ ಬಿಡೋ ಯೋಚನೆ ನನಗಿರಲಿಲ್ಲ.

ಮೊದಲ ದಿನ: ಅಣೆಕಟ್ಟಿನ ಕೆಳಗೆ

ನದಿ ಹೆಸರು ಅರ್ದಾ. ದೊಡ್ಡ ನದಿ ಏನಲ್ಲ, ಸೆಪ್ಟೆಂಬರಿನಲ್ಲಿ ಕೆಲವು ಕಡೆ ಸೀರೆ ಎತ್ತಿಕೊಂಡು ದಾಟಬಹುದು ಅನ್ನಿಸೋವಷ್ಟು ನೀರು. ಎರಡೂ ಕಡೆ ಗುಡ್ಡ, ಓಕ್ ಮರದ ಕಾಡು, ನಡುವೆ ಹೊಗೆಸೊಪ್ಪಿನ ಹೊಲ. ಪ್ಲಾಮೆನ್ ನಮ್ಮನ್ನ ಒಂದು ಅಣೆಕಟ್ಟಿನ ಹತ್ರ ಇಳಿಸಿ, ಕೆಳಗೆ ಹರಿಯೋ ನದಿ ಜೊತೆಗೇ ಹೋಗ್ತಾ ಇರಿ, ಐದನೇ ದಿನ ಮಧ್ಯಾಹ್ನ ನದಿ ಬಯಲಿಗೆ ಬೀಳೋ ಕಡೆ ಬಂದು ಕರ್ಕೊಂಡು ಹೋಗ್ತೀನಿ ಅಂದ. ಮುಂದೆ ಫೋನ್ ಸಿಗ್ನಲ್ ಇಲ್ಲ ಅಂತಾನೂ ಹೇಳಿದ. ಇವರಿಗೆ ಮಾಮೂಲಿ ಸೈಕಲ್ಲು. ನನಗೆ ಬ್ಯಾಟರಿ ಸೈಕಲ್ಲು, ಪೆಡಲ್ ತುಳಿದ್ರೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಹೋಗುತ್ತೆ. ನನಗೆ ಬೇಕಾಗಿದ್ದೂ ಅದೇ, ಇವರನ್ನ ಬಿಟ್ಟು ಹಿಂದೆ ಬೀಳಬಾರದು.

ಮೊದಲ ಒಂದು ಗಂಟೆ ನನಗೆ ದಾರಿಗಿಂತ ಸದ್ದಿಲ್ಲದೇ ಇರೋದೇ ವಿಚಿತ್ರ ಅನ್ನಿಸ್ತು. ಓಲ್ಡ್ ಮದ್ರಾಸ್ ರೋಡಲ್ಲಿ ಹಾರ್ನ್ ಕೇಳ್ತಾ ಇದ್ರೆ ನಾವು ಬದುಕಿದ್ದೀವಿ ಅಂತ ಗೊತ್ತಾಗುತ್ತೆ. ಇಲ್ಲಿ ಟೈರಿನ ಕೆಳಗೆ ಜಲ್ಲಿ ಕರಕರ ಅನ್ನೋದು ಬಿಟ್ರೆ ಮತ್ತೊಂದು ಸದ್ದಿಲ್ಲ. ಒಂದು ಕಾರು ಬಂತು, ನಮ್ಮನ್ನ ನೋಡಿ ನಿಂತೇ ಬಿಡ್ತು. ನಾವು ಹೋಗೋವರೆಗೂ ಧೂಳೇಳಬಾರದು ಅಂತ ನಿಂತಿದ್ದಾನೆ ಡ್ರೈವರು. ನಮ್ಮನೆಯವರು ಅವನಿಗೆ ಕೈ ಮುಗಿದ್ರು. ಅವನು ಗಾಬರಿಯಾಗಿ ಅವನೂ ಕೈ ಮುಗಿದ.

ಇವರು ಪ್ರವಾಸಕ್ಕೆ ಬಂದ್ರೂ ಕಸುಬು ಬಿಡದ ಮೆಕ್ಯಾನಿಕ್ಕು. ಅಣೆಕಟ್ಟಿನ ಗೇಟು, ತೋಟದ ಬಾವಿ ಪಂಪು, ಯಾರದೋ ಮನೆ ಬಾಗಿಲಿನ ಕೀಲು, ಎಲ್ಲಾ ಕಡೆ ಇಳಿದು ಮುಟ್ಟಿ ನೋಡ್ಬೇಕು. ನನ್ನ ಕಣ್ಣು ಹೋಗೋದೂ ನನ್ನ ಕಸುಬಿನ ಕಡೆಗೇ. ಊರೂರಿಗೂ ಬಸ್‌ಸ್ಟಾಪಿನ ಗೋಡೆ ಮೇಲೆ, ಅಂಗಡಿ ಬಾಗಿಲಿಗೆ, ಮನೆ ಗೇಟಿಗೆ, ಮರಕ್ಕೆ ಕೂಡ ಎ-ಫೋರ್ ಹಾಳೆ ಅಂಟಿಸಿದ್ರು. ಪ್ರತಿಯೊಂದರಲ್ಲೂ ಒಬ್ಬರ ಫೋಟೋ, ಸುತ್ತ ಕಪ್ಪು ಬಾರ್ಡರು, ಕೆಳಗೆ ಒಂದು ಅಂಕಿ. ಆ ಊರಿನ ಲಿಪಿ ನನಗೆ ಬರಲ್ಲ, ಅಂಕಿ ಮಾತ್ರ ಗೊತ್ತಾಗ್ತಿತ್ತು. ಒಬ್ಬರಿಗೆ 3, ಒಬ್ಬರಿಗೆ 10, ಒಬ್ಬರಿಗೆ 40. ಕೆಲವರ ತಲೆ ಮೇಲೆ ಶಿಲುಬೆ, ಕೆಲವರ ಮೇಲೆ ಹಸಿರು ಬಣ್ಣದ ಅರ್ಧಚಂದ್ರ, ಇನ್ನು ಕೆಲವರಿಗೆ ಬರೀ ಒಂದು ಎಲೆ.

ಎಲೆಕ್ಷನ್ನು ಅಂತ ನನಗೆ ತಕ್ಷಣ ಗೊತ್ತಾಯ್ತು. ಶಿಲುಬೆ ಪಾರ್ಟಿ, ಚಂದ್ರನ ಪಾರ್ಟಿ, ಎಲೆ ಪಾರ್ಟಿ, ಕೆಳಗಿರೋದು ಕ್ರಮಸಂಖ್ಯೆ. ಬಿಸಿಲಿಗೆ ಬಣ್ಣ ಹೋದ ಹಾಳೆಗಳೂ ಇದ್ವು, ಹೋದ ಸಲ ಸೋತವರದ್ದು ಇನ್ನೂ ತೆಗೆದಿಲ್ಲ ಅಂತ ಇವರಿಗೆ ವಿವರಿಸಿದೆ. ಎಷ್ಟು ಅಚ್ಚುಕಟ್ಟು ನೋಡಿ, ನಮ್ಮಲ್ಲಿ ಒಬ್ಬ ಲೀಡರಿಗೆ ನಲವತ್ತಡಿ ಫ್ಲೆಕ್ಸ್ ಬೇಕು, ಇಲ್ಲಿ ಎಲ್ಲರಿಗೂ ಒಂದೇ ಅಳತೆ ಹಾಳೆ ಅಂದೆ. ಅಭ್ಯರ್ಥಿಗಳೆಲ್ಲಾ ಯಾಕೆ ಇಷ್ಟು ವಯಸ್ಸಾದವರು ಅಂತ ಇವರು ಕೇಳಿದ್ರು. ನಮ್ಮಲ್ಲಿ ಮಾತ್ರ ಎಳೇ ಹುಡುಗರು ನಿಲ್ತಾರಾ ಅಂತ ಬಾಯಿ ಮುಚ್ಚಿಸಿದೆ.

ಎರಡನೇ ದಿನ: ಬಿಸ್ಕತ್ತು ಕೊಟ್ಟ ಗೇಟು

ಎರಡನೇ ದಿನ ಬೆಳಿಗ್ಗೆ ಒಂದು ಏರು. ಎರಡು ಬಸ್ಸಿನುದ್ದ ಮುಂದಿದ್ದ ಇವರು ಇದ್ದಕ್ಕಿದ್ದಂಗೆ ಸೈಕಲ್ ನಿಲ್ಲಿಸಿ ಬಲಗೈ ಎದೆ ಹತ್ರ ತಗೊಂಡು ಹೋದ್ರು. ಬ್ಯಾಟರಿ ವೇಗ ಪೂರ್ತಿ ಏರಿಸ್ಕೊಂಡು ನುಗ್ಗಿದೆ, ಬ್ರೇಕ್ ಹಾಕೋದು ಮರೆತು ಅವರನ್ನ ದಾಟಿ ಮುಂದೆ ಇದ್ದ ಮುಳ್ಳಿನ ಪೊದೆಗೆ ಹೋಗಿ ಬಿದ್ದೆ. ಅವರು ಅಂಗಿ ಜೇಬಿನಿಂದ ಕನ್ನಡಕ ತೆಗೀತಾ ಇದ್ರು, ಅಷ್ಟೇ. ಹತ್ತಿರ ಬಂದು ನನ್ನ ಕೈಯಿಂದ ಮುಳ್ಳು ಕೀಳ್ತಾ, ಇಬ್ಬರಲ್ಲಿ ಯಾರು ಯಾರನ್ನ ನೋಡ್ಕೋಬೇಕು ಅಂತ ಕೇಳಿದ್ರು. ನನಗೆ ಸಿಟ್ಟು ಬಂತು, ಅಳುನೂ ಬಂತು. ಎರಡನ್ನೂ ನುಂಗ್ಕೊಂಡೆ. ಆಸ್ಪತ್ರೆ ದಿನದಿಂದ ಹಾಗೇ ನುಂಗ್ತಾ ಬಂದಿದ್ದು, ಅಭ್ಯಾಸ ಆಗ್ಬಿಟ್ಟಿತ್ತು.

ಏರು ಮುಗಿದು ಕೆಳಗಿನ ಊರಿಗೆ ಇಳಿದಾಗ ಬ್ರೆಡ್ ವ್ಯಾನು ಬಂದು ನಿಂತಿತ್ತು. ಕಣಿವೆಯ ಸಣ್ಣ ಊರುಗಳಲ್ಲಿ ಬೇಕರಿ ಇಲ್ಲ, ಬೆಳಿಗ್ಗೆ ವ್ಯಾನ್ ಬಂದು ಎಲ್ಲರಿಗೂ ಬ್ರೆಡ್ ಕೊಟ್ಟು ಹೋಗುತ್ತೆ. ಓಡಿಸೋನ ಹೆಸರು ಹಸನ್, ದಪ್ಪ ಮೀಸೆಯ ಮನುಷ್ಯ. ಆ ಕಡೆ ತುರ್ಕಿ ಮಾತಾಡೋ ಮುಸಲ್ಮಾನರು ತುಂಬಾ ಜನ. ನನಗೆ ತುರ್ಕಿ ಬರಲ್ಲ, ಆದ್ರೂ ಅವನ ಮಾತಲ್ಲಿ ದುನಿಯಾ ಅನ್ನೋ ಶಬ್ದ ಕಿವಿಗೆ ಬಿತ್ತು. ದುನಿಯಾನಾ ಅಂದೆ. ಅವನ ಕಣ್ಣರಳಿತು. ನಾನು ಚಾಯ್ ಅಂದೆ, ಅವನೂ ಅದನ್ನೇ ಅಂದ. ಸಾಬೂನ್, ಕಿತಾಬ್, ಹವಾ, ದೋಸ್ತ್, ಒಂದಾದ ಮೇಲೊಂದು ಹೇಳ್ತಾ ಹೋದೆ, ಉಚ್ಚಾರ ಸ್ವಲ್ಪ ಹೆಚ್ಚುಕಮ್ಮಿ ಅಷ್ಟೇ, ಎಲ್ಲಾ ಅವನಿಗೆ ಗೊತ್ತು. ಶಿವಾಜಿನಗರದ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಕಲಿತ ಮಾತು ಇಷ್ಟು ದೂರ ನಡೆಯುತ್ತೆ ಅಂತ ಯಾರು ಅಂದ್ಕೊಂಡಿದ್ರು. ಅವನು ಒಂದು ಇಡೀ ಬ್ರೆಡ್ ಕೈಗಿಟ್ಟ.

ಊರಾಚೆ ಒಂದು ಮನೆ ಗೇಟಿನ ಮುಂದೆ ಕಪ್ಪು ಸ್ಕಾರ್ಫ್ ಕಟ್ಟಿದ್ದ ಹೆಂಗಸು ನಮ್ಮನ್ನ ನಿಲ್ಲಿಸಿದಳು. ಗೇಟಿನ ಮೇಲೆ ಒಬ್ಬ ಗಂಡಸಿನ ಫೋಟೋ, ಶಿಲುಬೆ ಪಾರ್ಟಿ, ನಂಬರ್ 40. ನಮ್ಮಿಬ್ಬರಿಗೂ ಒಂದೊಂದು ಪೊಟ್ಟಣ ಕೊಟ್ಟಳು. ಬಿಸ್ಕತ್ತು, ಒಂದು ಸಿಹಿ ಬನ್ನು, ಲೋಟದಲ್ಲಿ ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಹಾಕಿದ್ದು. ನನಗೆ ನಗು ತಡೆಯೋಕಾಗಲಿಲ್ಲ. ನಮ್ಮಲ್ಲಿ ಕುಕ್ಕರ್, ಸೀರೆ ಹಂಚ್ತಾರೆ, ಇಲ್ಲಿ ಗೋಧಿಯಲ್ಲೇ ಮುಗಿಸ್ತಾರೆ ಅಂತ ಇವರಿಗೆ ಹೇಳಿದೆ. ಇವರು ತಿಂದು ಕೈ ಒರೆಸ್ಕೊಂಡು, ಗೇಟಿನ ಫೋಟೋ ತೋರಿಸಿ ಎರಡು ಬೆರಳೆತ್ತಿ ಗೆಲುವಿನ ಗುರುತು ಮಾಡಿದ್ರು. ಆಯಮ್ಮ ಗೇಟು ಹಾಕ್ಕೊಂಡು ಒಳಗೆ ಹೋಗ್ಬಿಟ್ಟಳು.

ಮೂರನೇ ದಿನ: ಮೆಣಸಿನಕಾಯಿ ಸುಡೋ ಊರು

ಮೂರನೇ ದಿನದ ಊರು ಕಣ್ಣಿಗೆ ಕಾಣೋ ಮೊದಲೇ ಮೂಗಿಗೆ ಗೊತ್ತಾಯ್ತು. ಆ ತಿಂಗಳು ಪ್ರತಿ ಮನೆ ಅಂಗಳದಲ್ಲೂ ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಬಿಡಿಸಿ, ಟೊಮೇಟೊ ಜೊತೆ ಬೇಯಿಸಿ ಬಾಟಲಿಗೆ ತುಂಬೋ ಕೆಲಸ. ನಮ್ಮಲ್ಲಿ ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆಗೆ ಓಣಿ ಹೆಂಗಸರೆಲ್ಲ ಸೇರೋ ಹಾಗೆ ಇಲ್ಲಿ ಮೆಣಸಿನಕಾಯಿಗೆ ಸೇರ್ತಾರೆ. ಬೈಗುಳ, ನಗು, ಮಾತು ಎಲ್ಲಾ ಕೇಳಿಸ್ತಿತ್ತು. ಭಾಷೆ ಬರದಿದ್ರೂ ಸೊಸೆಯಂದಿರ ಬಗ್ಗೆನೇ ಇರ್ಬೇಕು ಅನ್ನಿಸ್ತು.

ಅಲ್ಲಿನ ಅಂಗಡಿಯ ಮಹಡಿ ಮೇಲೆ ನಮಗೊಂದು ರೂಮು. ಹಾಲು ಇದೆಯಾ ಅಂತ ಅಂಗಡಿಯವಳನ್ನ ಕೇಳಿದ್ರೆ ತಲೆ ಅಡ್ಡಡ್ಡ ಆಡಿಸ್ತಾಳೆ, ಆಡಿಸ್ತಾನೇ ಹಾಲು ತಂದು ಕೊಡ್ತಾಳೆ. ಆ ದೇಶದಲ್ಲಿ ಹೌದು ಅಂದ್ರೆ ಅಡ್ಡಡ್ಡ, ಇಲ್ಲ ಅಂದ್ರೆ ಮೇಲೆ ಕೆಳಗೆ. ನಾವು ಬೆಂಗಳೂರಿನವರು ಎರಡೂ ಅಲ್ಲದ ಹಾಗೆ ಆಡಿಸ್ತೀವಿ. ಒಂದು ಲೀಟರ್ ಹಾಲಿಗೆ ಹತ್ತು ನಿಮಿಷ ಆಯ್ತು.

ರೂಮಿಗೆ ಹೋಗಿ ಚೀಲ ಬಿಚ್ಚಿದಾಗ ಇವರ ಸೊಂಟದ ಪೌಚ್ ಇಲ್ಲ. ಪಾಸ್‌ಪೋರ್ಟ್ ಅದರಲ್ಲೇ ಇತ್ತು. ದಾರಿಯಲ್ಲಿ ಎಷ್ಟೋ ಕಡೆ ಇಳಿದಿದ್ವಿ, ಎಲ್ಲಿ ಬಿಟ್ರೋ ನೆನಪಿಲ್ಲ. ಇವರು ಮಂಚದ ಮೇಲೆ ಕೂತು, ಯಾರೋ ಎತ್ತಿಟ್ಟಿರ್ತಾರೆ ಬಿಡು ವಿಜಿ, ಬೆಳಿಗ್ಗೆ ನೋಡೋಣ ಅಂದ್ರು. ನಾಡಿದ್ದು ರಾತ್ರಿ ವಿಮಾನ. ಫೋನ್ ಸಿಗ್ನಲ್ ಇಲ್ಲ, ಪ್ಲಾಮೆನ್‌ಗೆ ಹೇಳೋ ಹಾಗಿಲ್ಲ, ಫೋನಿನಲ್ಲಿರೋ ಭಾಷಾಂತರವೂ ಕೆಲಸ ಮಾಡ್ತಿಲ್ಲ. ನಾನು ಕೈ ಕಟ್ಕೊಂಡು ಕೂರೋ ಹೆಂಗಸಲ್ಲ. ನಮ್ಮೂರಲ್ಲಿ ಏನೇ ಕಳೆದ್ರೂ ಜನ ಮೊದಲು ಬರೋದು ನನ್ನ ಅಂಗಡಿಗೆ. ಫೋಟೋ ಹಾಕಿ ಒಂದು ನೋಟಿಸ್ ಮಾಡಿ ಕಂಬಕ್ಕೆ ಅಂಟಿಸಿದ್ರೆ ಸಿಗುತ್ತೆ, ಎಷ್ಟೋ ನಾಯಿ ಸಿಕ್ಕಿವೆ.

ಕೆಳಗೆ ಹೋಗಿ ನಾಲ್ಕು ಹಾಳೆ, ಗೋಂದು, ಸ್ಕೇಲು, ಸ್ಕೆಚ್ ಪೆನ್ ತಗೊಂಡೆ. ಕಪ್ಪು ಬಿಟ್ಟು ಬೇರೆ ಬಣ್ಣ ಇರಲಿಲ್ಲ. ಪಾಸ್‌ಪೋರ್ಟ್ ಸೈಜ್ ಫೋಟೋ ಎಂಟು ಕಾಪಿ ಇಲ್ಲದೆ ನಾನು ಮನೆ ಬಿಡೋಳೇ ಅಲ್ಲ. ಹಾಳೆ ನಡುವೆ ಫೋಟೋ ಅಂಟಿಸಿ, ಕೆಳಗೆ ಇಂಗ್ಲಿಷಿನಲ್ಲಿ ಇವರ ಹೆಸರು, ವಯಸ್ಸು 58, ಇವರ ಪಾಸ್‌ಪೋರ್ಟ್ ಕಳೆದಿದೆ ಅಂತ ಬರೆದೆ. ಪರದೇಶ ಅಂದ್ಮೇಲೆ ಇಂಗ್ಲಿಷ್ ನಡೆಯುತ್ತೆ ಅಂದ್ಕೊಂಡೆ. ಅಂಗಡಿಯ ಮಹಡಿ ಮೇಲೆ ಸಿಗ್ತೀವಿ ಅನ್ನೋದಕ್ಕೆ ಮೇಲಕ್ಕೆ ತೋರಿಸೋ ಒಂದು ದೊಡ್ಡ ಬಾಣ ಹಾಕಿದೆ. ಯಾವ ಕಾಗದಕ್ಕಾದ್ರೂ ನೆತ್ತಿ ಮೇಲೆ ಶ್ರೀ ಬರೀದೇ ನನ್ನ ಕೈ ಮುಂದಕ್ಕೆ ಹೋಗಲ್ಲ, ಅದನ್ನೂ ಬರೆದೆ. ಆ ಊರಿನ ಹಾಳೆಗಳಿಗೆಲ್ಲ ಬಾರ್ಡರ್ ಇರುತ್ತಲ್ಲ, ನಮ್ಮದೂ ಅವರ ಕಣ್ಣಿಗೆ ಬೀಳಲಿ ಅಂತ ಸುತ್ತ ದಪ್ಪ ಕಪ್ಪು ಬಾರ್ಡರ್ ಎಳೆದೆ. ಬಸ್‌ಸ್ಟಾಪಿನಲ್ಲಿ ಒಂದು, ಅಂಗಡಿ ಬಾಗಿಲಿಗೆ ಒಂದು, ಕುಡಿಯೋ ನೀರಿನ ಕಟ್ಟೆ ಹತ್ರ ಎರಡು, ಶಿಲುಬೆ ಪಾರ್ಟಿ ಪಕ್ಕದಲ್ಲೇ. ಕತ್ತಲಾಗೋದರೊಳಗೆ ಕೆಲಸ ಮುಗೀತು. ನನ್ನ ಕೆಲಸ ನೋಡಿ ನನಗೇ ಖುಷಿಯಾಯ್ತು.

ನಾಲ್ಕನೇ ದಿನ: ನಾಲ್ಕು ಡೇರೆ ಹೂ

ಬೆಳಿಗ್ಗೆ ಇವರು ಸ್ನಾನಕ್ಕೆ ಹೋಗಿದ್ರು. ನಾನು ಕೆಳಗಿಳಿದ್ರೆ ಅಂಗಡಿ ಮುಂದೆ ಮೂವರು ಹೆಂಗಸರು ಕಾಯ್ತಾ ನಿಂತಿದ್ರು. ಅವರಲ್ಲಿ ದೊಡ್ಡವಳು, ಎಪ್ಪತ್ತರ ಹತ್ತಿರ ಇರ್ಬೇಕು, ಆಮೇಲೆ ಗೊತ್ತಾಯ್ತು ಸ್ಟಾಂಕಾ ಅಂತ ಹೆಸರು, ಕೈಯಲ್ಲಿ ನಾಲ್ಕು ಕೆಂಪು ಡೇರೆ ಹೂ ಹಿಡ್ಕೊಂಡಿದ್ದಳು. ಬಂದು ನನ್ನ ಎರಡೂ ಕೈ ಹಿಡಿದಳು. ಕಣ್ಣಲ್ಲಿ ನೀರು. ಬೆರಳು ಮೇಲಕ್ಕೆ ತೋರಿಸಿ ಏನೋ ಕೇಳಿದಳು. ಗೊತ್ತಾಗ್ತಿಲ್ಲ ಅಂತ ನಾನು ತಲೆ ಅಡ್ಡ ಆಡಿಸಿದೆ. ಅವಳು ನನ್ನನ್ನ ತಬ್ಬಿಕೊಂಡೇ ಬಿಟ್ಟಳು.

ಎಂಥ ಜನ ಇವರು, ಯಾವನೋ ಪರದೇಶದವನ ಪಾಸ್‌ಪೋರ್ಟ್ ಕಳೆದಿದ್ದಕ್ಕೆ ಹೂ ತಗೊಂಡು ಬಂದು ಅಳ್ತಿದ್ದಾರೆ ಅಂದ್ಕೊಂಡೆ. ಅವಳ ಹೆಗಲಿಗೆ ಹೊಗೆ ವಾಸನೆ, ಮೆಣಸಿನಕಾಯಿ ವಾಸನೆ. ಅದಕ್ಕೆ ತಲೆ ಒರಗಿಸಿದ ಕೂಡಲೇ ಏನಾಯ್ತೋ, ನಾನೂ ಅತ್ತೆ. ಸುಮ್ಮನೆ ಕಣ್ಣೀರಲ್ಲ, ಬಿಕ್ಕಿ ಬಿಕ್ಕಿ ಅಳು. ಆಸ್ಪತ್ರೆಯಲ್ಲಿ ಸಹಿ ಹಾಕಿ ಅಂತ ಕಾಗದ ಕೊಟ್ಟಾಗ ಬಾರದ ಅಳು, ಅವತ್ತು ಅವರ ಬಟ್ಟೆ, ವಾಚು, ಸೈಕಲ್ ಬೀಗದ ಕೈ ಕವರಲ್ಲಿ ಹಾಕಿ ಕೈಗೆ ಕೊಟ್ಟಾಗ ಬಾರದ ಅಳು, ಅಂಗಡಿ ಬೀದಿಯಲ್ಲಿ ಗುರುತಿಲ್ಲದ ಹೆಂಗಸಿನ ಹೆಗಲ ಮೇಲೆ ಬಂತು. ಪಾಸ್‌ಪೋರ್ಟಿಗೆ ಯಾರೂ ಹಾಗೆ ಅಳಲ್ಲ ಅಂತ ನನಗೇ ಗೊತ್ತಾಗ್ತಿತ್ತು.

ಅಷ್ಟರಲ್ಲಿ ನಮ್ಮನೆಯವರು ಹೆಗಲ ಮೇಲೆ ಟವೆಲು, ಬಾಯಲ್ಲಿ ಬ್ರಷ್ಷು ಇಟ್ಕೊಂಡು ಮೆಟ್ಟಿಲಿಳಿದು ಬಂದ್ರು. ಒಬ್ಬ ಹೆಂಗಸು ಕಿಟ್ಟನೆ ಕಿರುಚಿ ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡಳು. ಇನ್ನೊಬ್ಬಳು ಬೆಂಚಿನ ಮೇಲೆ ಕೂತೇ ಬಿಟ್ಟಳು. ಸ್ಟಾಂಕಾ ಇವರನ್ನೂ, ಬಾಗಿಲಿನ ಮೇಲಿದ್ದ ಫೋಟೋನೂ, ಮತ್ತೆ ಇವರನ್ನೂ ನೋಡಿದಳು.

ಪುಣ್ಯಕ್ಕೆ ಹಸನ್ ಬ್ರೆಡ್ ವ್ಯಾನು ಅದೇ ಹೊತ್ತಿಗೆ ಬಂತು. ಇಳಿದವನೇ ಬಾಗಿಲ ಹತ್ರ ಹೋಗಿ ಹಾಳೆ ನೋಡಿ ನನ್ನ ಕಡೆ ತಿರುಗಿದ. ನಾನು ಗೊತ್ತಿದ್ದ ದಖನಿ ಎಲ್ಲಾ ಒಟ್ಟು ಮಾಡಿ, "ಪಾಸ್‌ಪೋರ್ಟ್ ಗಾಯಬ್, ಆದ್ಮಿ ನಹೀಂ" ಅಂದೆ. ಅವರ ಮಾತಲ್ಲೂ ಕಳೆದುಹೋಗೋದಕ್ಕೆ ಹೆಚ್ಚುಕಮ್ಮಿ ಅದೇ ಶಬ್ದ, ಆದ್ಮಿಗೂ ಅದೇ. ಅವನು ಹೆಂಗಸರಿಗೆ ಹೇಳಿದ. ಆಮೇಲೆ ಬೇಡ ಬೇಡ ಅನ್ನೋ ಹಾಗೆ ನಿಧಾನಕ್ಕೆ, ಕಣ್ಣು ಮುಚ್ಚಿ ಕೈ ಕೆನ್ನೆಗಿಟ್ಟು ಮಲಗಿದ ಹಾಗೆ ಮಾಡಿ, ಗೋಡೆ ಮೇಲಿದ್ದ ಅಷ್ಟೂ ಫೋಟೋಗಳನ್ನ ಒಂದೊಂದಾಗಿ ನನಗೆ ತೋರಿಸಿದ.

ಸತ್ತವರು. ಅಷ್ಟೂ ಜನ ಸತ್ತವರು. ಯಾರಾದ್ರೂ ತೀರಿಕೊಂಡ್ರೆ ಅಲ್ಲಿ ಹಾಗೆ ಹಾಳೆ ಅಂಟಿಸ್ತಾರೆ. ನಲವತ್ತನೇ ದಿನಕ್ಕೆ ಒಂದು, ವರ್ಷಕ್ಕೊಂದು, ಮೂರು ವರ್ಷಕ್ಕೆ, ಹತ್ತು ವರ್ಷಕ್ಕೆ ಮತ್ತೊಂದು, ಊರು ಮರೀಬಾರದು ಅಂತ. ಕೆಳಗಿದ್ದ ಅಂಕಿ ಅದೇ. ನಮಗೆ ಗೋಧಿ ಕೊಟ್ಟ ಹೆಂಗಸಿನ ಗಂಡನಿಗೆ ಅವತ್ತು ನಲವತ್ತನೇ ದಿನ. ತಿಥಿ ಊಟ ಉಂಡು ಗೆದ್ದು ಬಾ ಅಂತ ಕೈ ತೋರಿಸಿ ಬಂದಿದ್ವಿ. ನೆನೆಸ್ಕೊಂಡ್ರೆ ಈಗಲೂ ಮುಖ ಬಿಸಿಯಾಗುತ್ತೆ.

ಆದ್ರೆ ಆ ಹೊತ್ತಿಗೆ ನನಗೆ ಅದಲ್ಲ ಕಂಡಿದ್ದು. ಬಾಗಿಲ ಮೇಲಿದ್ದ ನನ್ನ ಹಾಳೆ ಕಂಡಿತು. ಇಪ್ಪತ್ತು ವರ್ಷದಿಂದ ಊರವರ ಶ್ರದ್ಧಾಂಜಲಿಗೆಲ್ಲ ಬಾರ್ಡರ್ ಹಾಕಿದೋಳು ನಾನು. ಈಗ ನನ್ನ ಗಂಡನ ಫೋಟೋ ಸುತ್ತ ನನ್ನ ಕೈಯಾರೆ, ಸ್ಕೇಲ್ ಇಟ್ಟು, ಕಪ್ಪು ಗೆರೆ ಎಳೆದಿದ್ದೆ. ಕೆಳಗೆ 58 ಅಂತ ಬರೆದಿದ್ದೆ. ಮೇಲಕ್ಕೆ ಬಾಣ ತೋರಿಸಿದ್ದೆ. ಮೇಲೆ ಹೋದ್ರಾ ಅಂತ ಸ್ಟಾಂಕಾ ಕೇಳಿದ್ದಕ್ಕೆ ತಲೆ ಅಡ್ಡ ಆಡಿಸಿ ಅವರ ಲೆಕ್ಕದಲ್ಲಿ ಹೌದು ಅಂದಿದ್ದೆ. ಓಡಿ ಹೋಗಿ ನಾಲ್ಕೂ ಹಾಳೆ ಕಿತ್ತು ಚೂರುಚೂರು ಮಾಡಿ, ಬಿಡ್ತು ಬಿಡ್ತು ಅಂತ ನೀರಿನ ಕಟ್ಟೆ ಹತ್ರನೇ ಮುಖ ತೊಳ್ಕೊಂಡೆ. ಇವರು ಹಿಂದೆನೇ ಬಂದು ನಿಂತಿದ್ರು. ಫೋಟೋದಲ್ಲಿ ಸ್ವಲ್ಪ ನಗಬೇಕಿತ್ತು ನಾನು, ಅದೇ ತಪ್ಪಾಗಿದ್ದು ಅಂದ್ರು. ಹೊಡೆಯೋಣ ಅನ್ನಿಸ್ತು.

ಸ್ಟಾಂಕಾ ಬಂದು ಕೈಯಲ್ಲಿದ್ದ ನಾಲ್ಕು ಹೂವಿನಲ್ಲಿ ಒಂದನ್ನ ತೆಗೆದು ಪಕ್ಕಕ್ಕಿಟ್ಟು, ಮೂರನ್ನ ಇವರಿಗೆ ಕೊಟ್ಟಳು. ಹಸನ್ ಬೆರಳಲ್ಲಿ ಎಣಿಸಿ ತಿಳಿಸಿದ. ಸತ್ತವರಿಗೆ ಎರಡು, ನಾಲ್ಕು, ಆರು. ಬದುಕಿರೋರಿಗೆ ಒಂದು, ಮೂರು, ಐದು.

ಅದೇ ದಿನ: ಸ್ಟಾಂಕಾ ಅಂಗಳ

ಪಾಸ್‌ಪೋರ್ಟ್ ಸುದ್ದಿನೂ ಹಸನ್ ಹತ್ರನೇ ಇತ್ತು. ಹಿಂದಿನ ಊರಿನ ನೀರಿನ ಕಟ್ಟೆ ಮೇಲೆ ಒಂದು ಪೌಚ್ ಸಿಕ್ಕಿದೆ, ಅಲ್ಲಿ ಜೇನು ಸಾಕೋನು ಎತ್ತಿಟ್ಟಿದ್ದಾನೆ ಅಂತ ಬೆಳಿಗ್ಗೆ ಬ್ರೆಡ್ ಕೊಡೋವಾಗ ಕೇಳ್ಕೊಂಡು ಬಂದಿದ್ದ. ಹದಿನಾಲ್ಕು ಕಿಲೋಮೀಟರ್ ಹಿಂದಕ್ಕೆ, ನದಿಗೆ ಎದುರಾಗಿ, ಹೆಚ್ಚಿನದು ಏರು. ವ್ಯಾನು ಹೋಗೋದು ಇನ್ನೊಂದು ಕಡೆಗೆ. ಸೈಕಲ್ಲಲ್ಲಿ ಹೋಗಿ ತಗೊಂಡು ಬರ್ತೀನಿ ಅಂತ ಇವರು ಎದ್ದೇ ಬಿಟ್ರು. ಕಾಫಿ ಕುಡೀದೆ ಬಿಡಲ್ಲ ಅಂತ ಸ್ಟಾಂಕಾ ಎಲ್ಲರನ್ನೂ ಮನೆಗೆ ಎಳ್ಕೊಂಡು ಹೋದಳು.

ಅವಳ ಗೇಟಿನ ಮೇಲೂ ಒಂದು ಹಾಳೆ. ಮೇಕೆಮರಿ ಹೆಗಲ ಮೇಲೆ ಹೊತ್ತು ಬಂಡೆ ಮೇಲೆ ನಿಂತು ನಗ್ತಿರೋ ಗಂಡಸು, ಕೆಳಗೆ 7. ಅವಳ ಗಂಡ. ಅಷ್ಟು ಎಳೇ ವಯಸ್ಸಿಗೇ ಹೋದರಾ ಅಂತ ಹಸನ್ ಕೈಲಿ ಕೇಳಿಸಿದೆ. ಇಲ್ಲ, ಹೋದಾಗ ಅರವತ್ತೊಂಬತ್ತು ಅಂದಳು. ನನ್ನ ಅಂಗಡಿಗೆ ಶ್ರದ್ಧಾಂಜಲಿಗೆ ಬಂದವರನ್ನ ನಾನು ಮೊದಲು ಕೇಳೋದೇ ಇತ್ತೀಚಿನ ಫೋಟೋ ಇಲ್ವಾ ಅಂತ. ಬಾಯಿ ಸುಮ್ಮನಿರಲ್ವಲ್ಲ, ಇಲ್ಲೂ ಅದನ್ನೇ ಕೇಳಿಬಿಟ್ಟೆ.

ಸ್ಟಾಂಕಾ ಕಾಫಿ ಬಗ್ಗಿಸ್ತಾ ಹೇಳಿದಳು, ಹಸನ್ ಇಬ್ಬರಿಗೂ ಗೊತ್ತಿದ್ದ ಶಬ್ದ, ಕೈಸನ್ನೆ ಸೇರಿಸಿ ತುಂಡು ತುಂಡಾಗಿ ನನಗೆ ಮುಟ್ಟಿಸಿದ. ಅವಳ ಗಂಡನಿಗೂ ಎದೆನೋವು ಬಂದಿತ್ತು. ಬದುಕಿಕೊಂಡ. ಅವಳು ಮೇಕೆಗಳನ್ನೆಲ್ಲ ಮಾರಿಸಿ, ಗುಡ್ಡ ಹತ್ತೋದು ಬಿಡಿಸಿ, ಕಿಟಕಿ ಹತ್ರ ಒಂದು ಕುರ್ಚಿ ಹಾಕಿ ಕೂರಿಸಿದಳು. ನಾಲ್ಕು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಳು. ಒಂದಿನ ಕುರ್ಚಿಯಲ್ಲೇ ಹೋದ. ಆ ನಾಲ್ಕು ವರ್ಷದ ಒಂದು ಫೋಟೋನೂ ಅವಳ ಹತ್ರ ಇಲ್ಲ.

"ಕಿಟಕಿ ಹತ್ರ ಕೂತವನ ಫೋಟೋ ಯಾರು ತೆಗೀತಾರೆ?" ಅಂದಳಂತೆ.

ಅವಳು ನನಗೆ ಬುದ್ಧಿ ಹೇಳೋಕೆ ಹೇಳಿದ್ದಲ್ಲ. ನಮ್ಮ ಕಥೆ ಅವಳಿಗೆ ಗೊತ್ತೇ ಇರಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದಳು, ಅಷ್ಟೇ. ಹಸನ್ ಕಾಫಿ ಮುಗಿಸಿ ವ್ಯಾನ್ ಹತ್ತಿ ಹೋದ. ಇವರು ಬಾಟಲಿಗೆ ನೀರು ತುಂಬ್ಕೊಂಡ್ರು. ನಾನೂ ಅಭ್ಯಾಸಬಲದಿಂದ ಎದ್ದು ಹೆಲ್ಮೆಟ್ ಹಾಕ್ಕೊಂಡೆ, ಬ್ಯಾಟರಿ ಸೈಕಲ್ ಗೇಟಿನವರೆಗೂ ತಳ್ಕೊಂಡು ಹೋದೆ. ರಾತ್ರಿಯೆಲ್ಲ ಚಾರ್ಜ್ ಆಗಿ ಫುಲ್ ಇತ್ತು. ಹೋಗದೇ ಇರೋಕೆ ನನಗೆ ಯಾವ ನೆಪನೂ ಇರಲಿಲ್ಲ. ಗೇಟಿನಲ್ಲಿ ಆ ಮೇಕೆಮರಿ ಹೊತ್ತವನ ಮುಖದ ಮುಂದೆ ನಿಂತು, ಹೆಲ್ಮೆಟ್ ಪಟ್ಟಿ ಬಿಚ್ಚಿದೆ.

"ಹೋಗ್ಬನ್ನಿ" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ನೀನು ಅಂದ್ರು. ನಾನು ಇಲ್ಲೇ ಇವರಿಗೆ ಮೆಣಸಿನಕಾಯಿ ಬಿಡಿಸಿಕೊಡ್ತೀನಿ, ಮೂಟೆಗಟ್ಟಲೆ ಇದೆ, ಪಾಪ ಒಬ್ಬಳೇ ಅಂದೆ. ತಮಾಷೆ ಏನೂ ಮಾಡಲಿಲ್ಲ. ಸೈಕಲ್ ಹತ್ತಿ ಹೊರಟ್ರು. ಚರ್ಚಿನ ಹತ್ರ ತಿರುವಿನಲ್ಲಿ ಒಂದ್ಸಲ ಹಿಂದಿರುಗಿ ನೋಡಿದ್ರು, ನಾನು ಗೇಟಲ್ಲೇ ನಿಂತಿದ್ದೆ. ಆಮೇಲೆ ಕಾಣಲಿಲ್ಲ.

ಆ ಮೂರೂವರೆ ಗಂಟೆ ಹೇಗೆ ಕಳೀತು ಅಂತ ಯಾರೂ ಕೇಳ್ಬೇಡಿ. ಸುಟ್ಟ ಮೆಣಸಿನಕಾಯಿ ಸಿಪ್ಪೆ ಬಿಡಿಸೋದು ಬದನೆಕಾಯಿ ಸುಟ್ಟು ಬಿಡಿಸೋ ಹಾಗೇ, ಕೈಗೆ ಕೆಲಸ ಇತ್ತು. ತಲೆಗೆ ಇರಲಿಲ್ಲ. ಈಗ ಮೊದಲ್ನೇ ಏರು ಹತ್ತಿರ್ತಾರೆ, ಈಗ ಆ ಕಿರುಸೇತುವೆ ದಾಟಿರ್ತಾರೆ ಅಂತ ಲೆಕ್ಕ ಹಾಕ್ತಾ ಇದ್ದೆ, ಆಮೇಲೆ ದಾರಿ ನೆನಪು ಮಾಡ್ಕೊಳ್ಳೋಕೆ ನೋಡಿದ್ರೆ ನನಗೆ ದಾರಿನೇ ನೆನಪಿಗೆ ಬರ್ತಿರಲಿಲ್ಲ. ಮೂರು ದಿನ ಆ ಕಣಿವೆಯಲ್ಲಿ ನಾನು ನೋಡಿದ್ದು ಅವರ ಬೆನ್ನೇ. ಎರಡು ಸಲ ಎದ್ದು ಗೇಟಿಗೆ ಹೋದೆ. ಎರಡು ಸಲನೂ ಸ್ಟಾಂಕಾ ಇನ್ನೊಂದು ಬುಟ್ಟಿ ತಂದು ನನ್ನ ಮುಂದೆ ಸುರಿದಳು. ಭಯ ಹೋಯ್ತು ಅಂತ ಸುಳ್ಳು ಹೇಳಲ್ಲ. ಭಯ ಹಾಗೇ ಇತ್ತು. ಭಯ ಇಟ್ಕೊಂಡೇ ಕೂತಿದ್ದೆ.

ಬಿಸಿಲು ಅಂಗಳದ ಗೋಡೆಗೆ ಬಂದಾಗ ಜಲ್ಲಿ ಕರಕರ ಅಂದಿದ್ದು ಕೇಳಿಸ್ತು. ಮೊಣಕಾಲವರೆಗೂ ಧೂಳು, ಮುಖ ಕೆಂಪಗೆ, ಕೊರಳಲ್ಲಿ ಪೌಚು, ಕೈಯಲ್ಲಿ ಒಂದು ಜೇನಿನ ಬಾಟಲಿ. ಚೆನ್ನಾಗಿದ್ರು. ನೋಡಿದ ತಕ್ಷಣ ಗೊತ್ತಾಗುತ್ತೆ, ಮೂವತ್ತು ವರ್ಷ ಸಂಸಾರ ಮಾಡಿದ್ದೀನಿ. ಆದ್ರೂ ಕೈ ಹಿಡಿದು ನಾಡಿ ನೋಡಿದೆ. ನೋಡ್ಕೋ ಅಂತ ಕೊಟ್ರು.

ಬೆಂಚಿನ ಮೇಲೆ ಕೂತು ನೀರು ಕುಡಿದು ಉಸಿರು ಬಿಟ್ರು. ಮದುವೆಯಾದ ಹೊಸದರಲ್ಲಿ ಇವರು ಎಲ್ಲಿಗಾದ್ರೂ ಸೈಕಲ್ಲಲ್ಲಿ ಹೋಗಿ ಬಂದ್ರೆ ಕೈಕಾಲು ತೊಳೆಯೋ ಮೊದಲೇ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳೋಕೆ ಶುರು ಮಾಡೋರು, ನಾನು ಸಾರಿಗೆ ಒಗ್ಗರಣೆ ಹಾಕ್ತಾ ಹೂಂಗುಟ್ಟೋಳು. ಕಾಯಿಲೆ ಆದ ಮೇಲೆ ಅದು ನಿಂತೇ ಹೋಗಿತ್ತು. ಅವರು ನೋಡಿದ್ದನ್ನೆಲ್ಲ ನಾನೂ ಹಿಂದೆನೇ ನೋಡ್ತಿದ್ದೆ, ಇನ್ನು ಹೇಳೋಕೆ ಏನಿರುತ್ತೆ. ಹಾಗಾಗಿ ನಮ್ಮ ಮನೆಯಲ್ಲಿ ಮಾತ್ರೆ ತಗೊಂಡ್ರಾ, ಬಿಪಿ ನೋಡಿದ್ರಾ ಅನ್ನೋದು ಬಿಟ್ಟು ಬೇರೆ ಮಾತೇ ಉಳಿದಿರಲಿಲ್ಲ.

ಇವರು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತ್ರು. ಕಣ್ಣು ಹೊಳೀತಿತ್ತು. "ವಿಜಿ, ಆ ಸೇತುವೆ ದಾಟಿದ ಮೇಲೆ ನದಿ ಮೇಲ್ಗಡೆ ಬಂಡೆ ಮೇಲೆ ಏನಿತ್ತು ಗೊತ್ತಾ?"

"ಗೊತ್ತಿಲ್ಲ, ಹೇಳಿ" ಅಂದೆ.